ಭಾವನ ಜೊತೆ ಹಿರೋಶಿಮಾ, ನಾಗಸಾಕಿ ಮತ್ತೆ ಒಂದು ಡಬ್ಬಿ ಮೈಸೂರು ಪಾಕು

ಅಕ್ಕ ಒಸಾಕಾ ಸೇರಿ ಒಂಬತ್ತು ವರ್ಷ ಆಯ್ತು, ಪ್ರತಿ ಸಲ ಫೋನಲ್ಲಿ ಬಾರೋ ಬಾರೋ ಅಂತಿದ್ಲು, ಕೊನೆಗೂ 2024ರ ನವೆಂಬರಲ್ಲಿ ಹೋದೆ. ವೀಸಾ ಟಿಕೆಟ್ ಗೋಳು ಇಲ್ಲಿ ಬೇಡ, ಎಲ್ಲರಿಗೂ ಗೊತ್ತಿರೋದೇ. ಕ್ಯೋಟೋ, ನಾರಾ ಅಂತ ಪ್ಲಾನ್ ಇತ್ತು. ಆದ್ರೆ ಹಿಂದಿನ ತಿಂಗಳು ತಾನೇ ನಿಹೊನ್ ಹಿದಾಂಕ್ಯೋಗೆ ನೊಬೆಲ್ ಶಾಂತಿ ಪ್ರಶಸ್ತಿ ಅನೌನ್ಸ್ ಆಗಿತ್ತು. ಅಣುಬಾಂಬಿಗೆ ಸಿಕ್ಕಿ ಬದುಕುಳಿದವರು ಸೇರಿ 1956ರಲ್ಲಿ ಕಟ್ಟಿದ ಸಂಘ ಅದು. ಹಿರೋಶಿಮಾದ ಮಿಮಾಕಿ ತೊಶಿಯುಕಿ ಅನ್ನೋ ಅಜ್ಜ ಟೀವಿ ಮುಂದೆ ಕೂತು ತಮ್ಮ ಸಂಘದ ಹೆಸರು ಕೇಳಿ ಕೆನ್ನೆ ಚಿವುಟಿಕೊಂಡು ಅಳೋ ವಿಡಿಯೊ ನೀವೂ ನೋಡಿರ್ತೀರ, ಅದು ನಮ್ಮ ಮನೆ ಗ್ರೂಪಲ್ಲೂ ಓಡಾಡಿತ್ತು. ಭಾವನೇ ಕೇಳಿದ್ರು, "ದೇವಸ್ಥಾನ ಯಾವಾಗ ಬೇಕಾದ್ರೂ ನೋಡಬಹುದು ಕಣೋ, ಹಿರೋಶಿಮಾಗೆ ಹೋಗೋಣ್ವಾ? ಇಷ್ಟು ವರ್ಷ ಇದ್ದು ನಾನೂ ನೋಡಿಲ್ಲ." ಮಗಳಿಗೆ ಪರೀಕ್ಷೆ ಅಂತ ಅಕ್ಕ ಬರಲಿಲ್ಲ, ಬದಲಿಗೆ ಎರಡು ದಿನಕ್ಕಾಗೋಷ್ಟು ಪುಳಿಯೋಗರೆ ಕಟ್ಟಿ ಕಳಿಸಿದ್ಲು. ಅಮ್ಮ ಮೈಸೂರಿಂದ ಕಳಿಸಿದ್ದ ಮೈಸೂರು ಪಾಕಲ್ಲಿ ಒಂದು ಡಬ್ಬಿ ನಮಗೂ ಸಿಕ್ತು. ಆ ಡಬ್ಬಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಮೊದಲನೇ ದಿನ, ಗುರುವಾರ

ಶಿಂಕಾನ್ಸೆನ್ ಬುಲೆಟ್ ರೈಲಲ್ಲಿ ಪುಳಿಯೋಗರೆ ಡಬ್ಬಿ ತೆಗೆದ ತಕ್ಷಣ ಇಂಗು ಹುಣಸೆ ವಾಸನೆ ಇಡೀ ಬೋಗಿಗೆ, ಪಕ್ಕದ ಸೀಟಿನಾಕೆ ಮಾಸ್ಕ್ ಸರಿ ಮಾಡ್ಕೊಂಡ್ರು, ಭಾವ "ಸುಮಿಮಾಸೆನ್ ಸುಮಿಮಾಸೆನ್" ಅಂತ ತಲೆ ಬಗ್ಗಿಸ್ತಾನೇ ಎರಡು ತುತ್ತು ಜಾಸ್ತಿ ತಿಂದ್ರು. ಮಧ್ಯಾಹ್ನ ಹಿರೋಶಿಮಾ ತಲುಪಿದ್ವಿ. ಆಗ ಸ್ಟೇಷನ್ ಮುಂದೇನೇ ಟ್ರಾಮ್ ಸಿಗ್ತಿತ್ತು, ಹಿಂದಿನ ಬಾಗಿಲಲ್ಲಿ ಹತ್ತಿ ಮುಂದೆ ಇಳಿಯುವಾಗ ದುಡ್ಡು ಹಾಕೋದು, ಚಿಲ್ಲರೆ ಇಟ್ಟುಕೊಂಡಿರಿ, ನನ್ನ ಹತ್ರ ಇಲ್ಲದೆ ಡ್ರೈವರ್ ಪಕ್ಕದ ಮೆಷಿನ್‌ಗೆ ನೋಟು ತುರುಕೋದ್ರಲ್ಲಿ ಹಿಂದೆ ಕ್ಯೂ ನಿಂತುಬಿಡ್ತು, ಒಬ್ಬರೂ ಗೊಣಗಲಿಲ್ಲ, ಅದೇ ಇನ್ನೂ ನಾಚಿಕೆ. ಈ ಟ್ರಾಮ್‌ಗಳಿಗೂ ಒಂದು ಕಥೆ ಇದೆ. 1945ರ ಆಗಸ್ಟ್ 6ಕ್ಕೆ ಊರು ಸುಟ್ಟು ಬೂದಿಯಾಗಿ ಮೂರೇ ದಿನಕ್ಕೆ, ಆಗಸ್ಟ್ 9ಕ್ಕೆ, ಸ್ವಲ್ಪ ದೂರ ಮತ್ತೆ ಓಡಿಸಿದ್ರಂತೆ. ಅವತ್ತು ಪೆಟ್ಟು ತಿಂದು ರಿಪೇರಿಯಾದ ಗಾಡಿಗಳಲ್ಲಿ ಒಂದೆರಡು ಇವತ್ತಿಗೂ ಓಡ್ತಾವೆ. ನಮಗೆ ಸಿಕ್ಕಿದ್ದು ಹೊಸದು, ಸೀಟ್ ಬೆಚ್ಚಗಿತ್ತು.

ಗೆಂಬಾಕು ಅಂದ್ರೆ ಅಣುಬಾಂಬು. ಗೆಂಬಾಕು ಡೋಮ್ ಸ್ಟಾಪಲ್ಲಿ ಇಳಿದ್ರೆ ಎದುರಿಗೇ ಬಾಂಬಿಗೆ ಸಿಕ್ಕೂ ನಿಂತಿರೋ ಆ ಕಟ್ಟಡ. ಫೋಟೋದಲ್ಲಿ ಎಷ್ಟೋ ಸಲ ನೋಡಿದ್ದು, ಆದ್ರೆ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಯಾನ್ ಲೆಟ್ಜೆಲ್ ಅನ್ನೋ ಚೆಕ್ ದೇಶದವನು ಡಿಸೈನ್ ಮಾಡಿ 1915ರಲ್ಲಿ ಕಟ್ಟಿದ ವಸ್ತುಪ್ರದರ್ಶನದ ಕಟ್ಟಡ, ನಮ್ಮ ದಸರಾ ಎಕ್ಸಿಬಿಷನ್ ಥರ ಅಲ್ಲಿ ಜಿಲ್ಲೆಯ ಸಾಮಾನು ಇಟ್ಟು ತೋರಿಸ್ತಿದ್ರು. ಬಾಂಬು ಹೆಚ್ಚುಕಮ್ಮಿ ನೆತ್ತಿ ಮೇಲೇ ಸಿಡಿದಿದ್ದರಿಂದ ಗೋಡೆ ನಿಂತು ಉಳೀತು, ಒಳಗಿದ್ದವರು ಒಬ್ಬರೂ ಉಳೀಲಿಲ್ಲ. ಪಕ್ಕದ ನದಿಯಲ್ಲಿ ಒಂದು ಬಕ ಒಂಟಿ ಕಾಲಲ್ಲಿ ನಿಂತಿತ್ತು. ಭಾವ ಗೂಗಲ್ ಮ್ಯಾಪ್ ಹಿಡಿದು ಹಿಂದಿನ ಗಲ್ಲಿಗೆ ಕರ್ಕೊಂಡು ಹೋದ್ರು. ಒಂದು ಮಾಮೂಲಿ ಕ್ಲಿನಿಕ್ಕು, ಪಕ್ಕದಲ್ಲಿ ಪಾರ್ಕಿಂಗು, ಅದರ ಮುಂದೆ ಸೊಂಟದೆತ್ತರದ ಒಂದು ಕಲ್ಲು. ಇದರ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಬೆಳಿಗ್ಗೆ 8.15ಕ್ಕೆ. ನಾವಿಬ್ಬರೂ ಒಟ್ಟಿಗೇ ಕತ್ತೆತ್ತಿ ನೋಡಿದ್ವಿ. ಎಲೆಕ್ಟ್ರಿಕ್ ವೈರು, ಆಕಾಶ, ಅಷ್ಟೆ. ಪಾರ್ಕಿಂಗಿಂದ ಆಚೆ ಬಂದ ಒಬ್ಬ ಸ್ಕೂಟರ್‌ನವನು ನಾವು ದಾರಿ ಬಿಡೋವರೆಗೂ ಹಾರ್ನ್ ಮಾಡದೆ ಕಾದ. ಇಲ್ಲಿಗೆ ಬರೋರೆಲ್ಲಾ ಹಿಂಗೇ ಕತ್ತೆತ್ತುತಾರೆ ಅಂತ ಅವನಿಗೆ ಅಭ್ಯಾಸ ಇರಬೇಕು.

ಸಂಜೆ ಅಲ್ಲೇ ಇರೋ ಪೀಸ್ ಪಾರ್ಕಿನ ಸ್ಮಾರಕದ ಹತ್ರ ಹೋದ್ವಿ, ಕಮಾನಿನ ಕೆಳಗೆ ಒಂದು ಕಲ್ಲಿನ ಪೆಟ್ಟಿಗೆ, ಅದರೊಳಗೆ ಸತ್ತವರ ಹೆಸರಿನ ಪುಸ್ತಕಗಳು, ಪ್ರತಿ ವರ್ಷ ಹೆಸರು ಸೇರಿಸ್ತಾ ಹೋಗ್ತಾರೆ. ಅದರ ಮೇಲೆ ಕೆತ್ತಿರೋ ಸಾಲನ್ನ ಭಾವ ನಿಧಾನಕ್ಕೆ ಓದಿ ಅರ್ಥ ಹೇಳಿದ್ರು. ನೆಮ್ಮದಿಯಾಗಿ ಮಲಗಿ, ಆ ತಪ್ಪು ಮತ್ತೆ ಮಾಡಲ್ಲ. "ಯಾರು ಮಾಡಲ್ಲ?" ಅಂದೆ. "ಅದೇ ನೋಡು ಮಜಾ, ಜಪಾನೀಸಲ್ಲಿ ಯಾರು ಅಂತ ಹೇಳಲೇಬೇಕಿಲ್ಲ." ಯೋಚನೆ ಮಾಡಿದ್ರೆ ನಮ್ಮ ಮಾತಲ್ಲೂ ಹಂಗೇ ಅಲ್ವಾ, ಮಾಡಲ್ಲ ಅಂದ್ರೆ ನಾನೂ ಆಗಬಹುದು, ನೀವೂ ಆಗಬಹುದು, ಅವರೂ ಆಗಬಹುದು. ಇಂಗ್ಲಿಷಿಗೆ ತಂದಾಗಲೇ ಒದ್ದಾಟ ಶುರು. ಇದರ ಬಗ್ಗೆ ಮೊದಮೊದಲು ಜಗಳ ತೆಗೆದವರಲ್ಲಿ ಒಬ್ಬರು ನಮ್ಮ ದೇಶದವರೇ, ಯುದ್ಧ ಮುಗಿದ ಮೇಲೆ ಜಪಾನಿನ ನಾಯಕರ ಮೇಲೆ ನಡೆದ ಟೋಕಿಯೋ ವಿಚಾರಣೆಯಲ್ಲಿ ಉಳಿದ ಜಡ್ಜ್‌ಗಳಿಗೆ ವಿರುದ್ಧವಾಗಿ ತೀರ್ಪು ಬರೆದ ರಾಧಾ ಬಿನೋದ್ ಪಾಲ್. 1952ರಲ್ಲಿ ಇಲ್ಲಿಗೆ ಬಂದವರು ಬಾಂಬ್ ಹಾಕಿದವರು ಜಪಾನಿನವರಲ್ಲವಲ್ಲ, ಮತ್ತೆ ಇವರ್ಯಾಕೆ ತಪ್ಪೊಪ್ಪಿಕೊಳ್ಳಬೇಕು ಅಂದ್ರು. ಸಾಲು ಬರೆದ ಪ್ರೊಫೆಸರ್ ಸೈಕಾ ತದಾಯೊಶಿ ತಾವೇ ಬಾಂಬಿಗೆ ಸಿಕ್ಕವರು, ಅವರು ಇದು ಮನುಷ್ಯರೆಲ್ಲರ ಮಾತು ಅಂದ್ರು. ನನಗೆ ಸೈಕಾ ಹೇಳಿದ್ದೇ ಸರಿ ಅನ್ನಿಸ್ತು, ಭಾವನಿಗೆ ಪಾಲ್ ಹೇಳಿದ್ದು. ಇದೇ ವಿಷಯಕ್ಕೆ ಊಟದ ಹೋಟೆಲ್ ಬರೋವರೆಗೂ ವಾದ.

ಊಟ ಅಂದ್ರೆ ಒಕೊನೊಮಿಯಾಕಿ. ತೆಳ್ಳಗೆ ದೋಸೆ ಹುಯ್ದು ಅದರ ಮೇಲೆ ಗುಡ್ಡೆ ಎಲೆಕೋಸು, ನೂಡಲ್ಸು, ಮೊಟ್ಟೆ, ಕಣ್ಣೆದುರಿಗೇ ಕಾವಲಿ ಮೇಲೆ ಮಾಡ್ತಾರೆ. ನಾವಿಬ್ಬರೂ ಮೊಟ್ಟೆ ತಿಂತೀವಿ, ಮಾಂಸ ಮೀನು ಇಲ್ಲ. ಭಾವ "ನಿಕು ನಾಶಿ", ಅಂದ್ರೆ ಮಾಂಸ ಬೇಡ, ಅಂತ ಗತ್ತಿನಿಂದ ಹೇಳಿದ್ರು. ಅರ್ಧ ತಿಂದ ಮೇಲೆ ಗರಿಗರಿ ಚೂರೊಂದು ಸಿಕ್ತು, ಹಪ್ಪಳದ ಥರ ಚೆನ್ನಾಗಿತ್ತು, ಏನಿದು ಅಂದ್ರೆ ಇಕಾ. ಸ್ಕ್ವಿಡ್! ಅವರ ಲೆಕ್ಕದಲ್ಲಿ ಅದು ಮಾಂಸ ಅಲ್ವಂತೆ, ಸಮುದ್ರದ್ದು. ಹೋಗೋರಿದ್ರೆ ಇಕಾ, ಎಬಿ (ಸೀಗಡಿ), ಕಾತ್ಸುಓಬುಶಿ (ಒಣಮೀನಿನ ಚೂರು) ಅಂತ ಒಂದೊಂದರ ಹೆಸರೂ ಹಿಡಿದು ಬೇಡ ಅನ್ನಿ. ಭಾವ ಅಕ್ಕನಿಗೆ ಹೇಳಬೇಡ ಅಂದ್ರು, ಈಗ ಓದ್ತಿದ್ರೆ ಅಕ್ಕಾ ಸಾರಿ.

ಎರಡನೇ ದಿನ, ಶುಕ್ರವಾರ

ಪೀಸ್ ಪಾರ್ಕಲ್ಲೇ ಇರೋ ಬಾಂಬಿನ ಮ್ಯೂಸಿಯಂಗೆ ಆಗ ಟಿಕೆಟ್ ಬರೀ 200 ಯೆನ್ ಇತ್ತು. ಬೆಳಿಗ್ಗೆ ಬೇಗ ಹೋಗೋಕಾದ್ರೆ ಹೋಗಿ, ಆನ್‌ಲೈನಲ್ಲಿ ಟೈಮ್ ಹಿಡಿಯಬಹುದು, ನಾವು ಹೋಟೆಲ್ ಕಾಫಿ ಕುಡೀತಾ ಲೇಟ್ ಮಾಡಿ ಸ್ಕೂಲ್ ಟ್ರಿಪ್ ಮಕ್ಕಳ ಮಧ್ಯೆ ಸಿಕ್ಕಿಹಾಕ್ಕೊಂಡ್ವಿ, ಹಳದಿ ಟೋಪಿ, ನೀಲಿ ಟೋಪಿ, ನೂರಾರು ಮಕ್ಕಳು. ಹೊರಗೆ ಗಲಗಲ ಅಂತಿದ್ದವು ಒಳಗೆ ಹೋದಂಗೆ ಸುಮ್ಮನಾದವು.

ಒಳಗಿನದ್ದನ್ನೆಲ್ಲಾ ಬರೆಯೋಕೆ ಹೋಗಲ್ಲ. ಒಂದು ಡಬ್ಬಿ ಬಗ್ಗೆ ಮಾತ್ರ ಹೇಳ್ತೀನಿ. ಒರಿಮೆನ್ ಶಿಗೆರು ಅನ್ನೋ 13 ವರ್ಷದ ಹುಡುಗನ ಊಟದ ಡಬ್ಬಿ. ಆ ಟೈಮಲ್ಲಿ ವಿಮಾನದಿಂದ ಬೆಂಕಿ ಬಾಂಬ್ ಬಿದ್ರೆ ಬೆಂಕಿ ಹರಡಬಾರದು ಅಂತ ಊರ ಮಧ್ಯದ ಮನೆಗಳನ್ನ ಸಾಲಾಗಿ ಕೆಡವಿಸ್ತಿದ್ರು, ಕೆಡವೋಕೆ ಮಿಡ್ಲ್ ಸ್ಕೂಲ್ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ರು. ಅವತ್ತು ಬೆಳಿಗ್ಗೆ ಹಂಗೆ ಹೋದ ಸಾವಿರಾರು ಮಕ್ಕಳು ಬಯಲಲ್ಲಿ ಬಿಸಿಲಿಗೆ ಕೆಲಸ ಮಾಡ್ತಿದ್ರು. ಅಮ್ಮ ಮಗನನ್ನ ಗುರುತು ಹಿಡಿದಿದ್ದು ಅವನ ದೇಹದ ಕೆಳಗಿದ್ದ ಡಬ್ಬಿಯಿಂದ. ಅದರೊಳಗಿನ ಅನ್ನ ಇದ್ದಿಲಾಗಿ ಹಂಗೇ ಇದೆ. ನನ್ನ ಬ್ಯಾಗಲ್ಲಿ ಅಕ್ಕನ ಪುಳಿಯೋಗರೆ ಡಬ್ಬಿ ಖಾಲಿಯಾಗಿ ಲೊಟಲೊಟ ಸದ್ದು ಮಾಡ್ತಿತ್ತು, ಚಮಚ ಒಳಗೇ ಬಿಟ್ಟಿದ್ದೆ. ಬ್ಯಾಗನ್ನ ಎದೆಗೆ ಒತ್ತಿ ಹಿಡ್ಕೊಂಡು ಮುಂದಿನ ರೂಮಿಗೆ ಹೋದೆ.

ಕೊನೆಗೆ ಒಂದು ಕಡೆ ಗಡಿಯಾರ ಇದೆ, ಟೈಮ್ ಅಲ್ಲ ದಿನ ಎಣಿಸೋದು. ಮೇಲಿನ ಅಂಕಿ ಹಿರೋಶಿಮಾ ಆಗಿ ಎಷ್ಟು ದಿನ ಅಂತ, ಕೆಳಗಿನದ್ದು ಜಗತ್ತಲ್ಲಿ ಕೊನೆಯ ಅಣು ಪರೀಕ್ಷೆ ಆಗಿ ಎಷ್ಟು ದಿನ ಅಂತ. ಯಾರಾದ್ರೂ ಪರೀಕ್ಷೆ ಮಾಡಿದ್ರೆ ಕೆಳಗಿನದ್ದು ಮತ್ತೆ ಸೊನ್ನೆಗೆ. ಇನ್ನೊಂದು, 1968ರಿಂದ ಯಾವ ದೇಶ ಟೆಸ್ಟ್ ಮಾಡಿದ್ರೂ ಇಲ್ಲಿನ ಮೇಯರ್ ಆ ದೇಶಕ್ಕೆ ಪ್ರತಿಭಟನೆ ಪತ್ರ ಬರೀತಾರೆ. "1998ರಲ್ಲಿ ನಮಗೂ ಬರೆದಿದಾರೆ" ಅಂದ್ರು ಭಾವ. ಬರೆಯದೆ ಇರ್ತಾರಾ.

ಹೊರಗೆ ಬಂದಾಗ ಇಬ್ಬರಿಗೂ ಮಾತು ಬೇಕಿರಲಿಲ್ಲ. ಮ್ಯೂಸಿಯಂ ಪಕ್ಕದಲ್ಲೇ ಅಓಗಿರಿ ಅನ್ನೋ ಮರ ಇದೆ, ಬಾಂಬಿನ ಕಡೆಗಿದ್ದ ಕಾಂಡದ ಭಾಗ ಸುಟ್ಟು ಟೊಳ್ಳಾಗಿದೆ, ಆದ್ರೂ ಚಿಗುರಿ ಬದುಕಿದ್ದು, ಆಮೇಲೆ ಇಲ್ಲಿ ತಂದು ನೆಟ್ಟಿದಾರೆ. ನವೆಂಬರ್ ಅಲ್ವಾ, ಎಲೆಯೆಲ್ಲಾ ಹಳದಿಯಾಗಿ ಅರ್ಧ ಉದುರಿತ್ತು. ಅದರ ಹತ್ರ ಬೆಂಚಲ್ಲಿ ಒಬ್ಬರು ಅಜ್ಜಿ ಥರ್ಮಾಸಿಂದ ಟೀ ಕುಡೀತಾ ಕೂತಿದ್ರು. ಭಾವ ಕೂರಬಹುದಾ ಅಂತ ಕೇಳಿದ್ರು. ಯಾವ ದೇಶ ಅಂದ್ರು. ಇಂಡಿಯಾ ಅಂದ ತಕ್ಷಣ "ಗಾಂಧಿ!" ಅಂತ ನದಿ ಕಡೆ ಕೈ ತೋರಿಸಿದ್ರು, 2023ರಲ್ಲಿ ಅಲ್ಲಿ ಗಾಂಧಿ ಪ್ರತಿಮೆ ಇಟ್ಟಿದಾರೆ. ಹಂಗೆ ಶುರುವಾಗಿದ್ದು ಒಂದೂವರೆ ಗಂಟೆ ಮಾತಾಯ್ತು. ಅವರು ಹೇಳೋದು, ಭಾವ ಕನ್ನಡ ಮಾಡೋದು, ನಡುನಡುವೆ ಭಾವನಿಗೂ ಪದ ಸಿಗದೆ ಫೋನ್ ನೋಡೋದು.

ಅಜ್ಜಿಗೆ 85. ಅವತ್ತು ಆರು ವರ್ಷ, ಮನೆ ಊರ ಪಶ್ಚಿಮಕ್ಕೆ ಕೋಯಿ ಕಡೆ. ಮನೆ ಬಿದ್ದಿಲ್ಲ, ಗಾಜು ಚುಚ್ಚಿದ್ದು ಅಷ್ಟೆ. ಆಮೇಲೆ ಮಳೆ ಬಂತು, ಕಪ್ಪು ಮಳೆ, ಬಟ್ಟೆ ಮೇಲೆ ಬಿದ್ದ ಕಲೆ ಹೋಗಲೇ ಇಲ್ಲ. ಅವರ ಅಕ್ಕ ಮನೆ ಕೆಡವೋ ಕೆಲಸಕ್ಕೆ ಹೋಗಿದ್ದವಳು ಬರಲಿಲ್ಲ. ಮಾರನೇ ದಿನ ಅಮ್ಮ ಈ ಪುಟ್ಟಿಯನ್ನ ಬೆನ್ನಿಗೆ ಕಟ್ಟಿಕೊಂಡು ಊರೊಳಗೆ ಹುಡುಕೋಕೆ ಹೋದ್ರು. ಅಕ್ಕ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ದಾರಿಯಲ್ಲಿ ಮಲಗಿದ್ದವರು ಮಿಜು, ಮಿಜು, ಅಂದ್ರೆ ನೀರು ನೀರು ಅಂತಿದ್ರು. ಸುಟ್ಟಗಾಯದವರಿಗೆ ನೀರು ಕೊಟ್ರೆ ಸತ್ತುಹೋಗ್ತಾರೆ ಅಂತ ಆಗ ಎಲ್ಲರೂ ಹೇಳ್ತಿದ್ರಂತೆ. ಒಬ್ಬಳು ಇವರ ಅಮ್ಮನ ಕಾಲು ಹಿಡ್ಕೊಂಡ್ಲು. ಅಮ್ಮನ ಹತ್ರ ನೀರಿತ್ತು. ಕೊಡಲಿಲ್ಲ. ಹೇಗೂ ಸಾಯೋಳಿದ್ದಳು, ಕೊಡಬೇಕಿತ್ತು, ಅಂತ ಅಮ್ಮ ಸಾಯೋವರೆಗೂ ಹೇಳ್ತಿದ್ರು. ಇಷ್ಟು ಹೇಳಿ ಅಜ್ಜಿ ನಮ್ಮಿಬ್ಬರಿಗೂ ಥರ್ಮಾಸಿಂದ ಟೀ ಬಗ್ಗಿಸಿದ್ರು, ಒಂದೇ ಮುಚ್ಚಳದ ಲೋಟ, ಭಾವ ಕುಡಿದು ನನಗೆ ಕೊಟ್ರು.

ಬಾಂಬ್ ಬಿದ್ದಾಗ ಊರಲ್ಲಿ ಇರಲೇಬೇಕು ಅಂತಿಲ್ಲ, ಎರಡು ವಾರದೊಳಗೆ ಆ ಜಾಗಕ್ಕೆ ಹತ್ತಿರ ಹೋದವರೂ ಸರ್ಕಾರದ ಲೆಕ್ಕದಲ್ಲಿ ಹಿಬಾಕುಶಾನೇ, ಅಂದ್ರೆ ಬಾಂಬಿಗೆ ಸಿಕ್ಕಿ ಬದುಕುಳಿದವರೇ, ಅವರಿಗೊಂದು ಆರೋಗ್ಯದ ಪುಸ್ತಕ ಕೊಡ್ತಾರೆ, ಚಿಕಿತ್ಸೆಗೆ. ಅಜ್ಜಿ ಅದನ್ನ ಬಹಳ ವರ್ಷ ತಗೊಂಡೇ ಇರಲಿಲ್ಲ. ಯಾಕೆ ಅಂದ್ರೆ ಮದುವೆ. ನಮ್ಮಲ್ಲಿ ಜಾತಕ ಕೇಳೋ ಥರ ಅಲ್ಲಿ ಸಂಬಂಧ ನೋಡುವಾಗ ಅವತ್ತು ಎಲ್ಲಿದ್ರಿ ಅಂತ ವಿಚಾರಿಸೋರಂತೆ, ಹುಟ್ಟೋ ಮಕ್ಕಳಿಗೆ ಏನಾದ್ರೂ ಆದ್ರೆ ಅನ್ನೋ ಭಯ. ಗಂಡನ ಮನೆಯವರಿಗೆ ಹೇಳಲಿಲ್ಲ. ಮಗಳ ಮದುವೆ ಆಗೋವರೆಗೂ ಬಾಯಿ ಬಿಡಲಿಲ್ಲ. ಮೊದಲು ಅಮೆರಿಕದವರ ಸೆನ್ಸಾರ್ ಇತ್ತು ಅಂತ ಓದಿದ್ದೆ, 1952ರವರೆಗೂ ಬಾಂಬಿನ ಬಗ್ಗೆ ಪೇಪರಲ್ಲಿ ಸರಿಯಾಗಿ ಬರೆಯೋ ಹಂಗಿರಲಿಲ್ಲ. ಸೆನ್ಸಾರ್ ಹೋದ ಮೇಲೂ ಮನೆಯೊಳಗಿನ ಸೆನ್ಸಾರ್ ಹೋಗೋಕೆ ಇನ್ನೂ ನಲವತ್ತು ವರ್ಷ ಹಿಡೀತು ಅಂತ ಅಲ್ಲಿ ಕೂತು ಗೊತ್ತಾಯ್ತು.

ಬಾಯಿ ಬಿಟ್ಟ ಮೇಲೆ ಏನು ಮಾಡಿದ್ರಿ ಅಂತ ಕೇಳಿಸಿದೆ. "ಕೂತೆ" ಅಂದು ನಕ್ಕರು. ಎಲ್ಲಾದ್ರೂ ಟೆಸ್ಟ್ ಆದ್ರೆ ಹಿಬಾಕುಶಾಗಳು ಆ ಕಮಾನಿನ ಮುಂದೆ ನೆಲದ ಮೇಲೆ ಕೂತು ಧರಣಿ ಮಾಡ್ತಾರೆ, 1973ರಿಂದ ನಡೆದು ಬಂದಿದೆ. ಮೊದಲ ಸಾಲಲ್ಲಿ ಕೂರ್ತಿದ್ದವರು ಹಿದಾಂಕ್ಯೋ ಕಟ್ಟಿದವರಲ್ಲಿ ಒಬ್ಬರಾದ ಮೊರಿತಾಕಿ ಇಚಿರೊ, ಫಿಲಾಸಫಿ ಪ್ರೊಫೆಸರ್, ಬಾಂಬಲ್ಲಿ ಬಲಗಣ್ಣು ಹೋಗಿತ್ತು. ಅದಕ್ಕೂ ಮುಂಚೆ ಅವರು ಕೂತಾಗ ಒಬ್ಬಳು ಚಿಕ್ಕ ಹುಡುಗಿ ಕೂತರೆ ಬಾಂಬ್ ನಿಲ್ಲುತ್ತಾ ಅಂತ ಕೇಳಿದ್ದು ಇಲ್ಲಿ ಎಲ್ಲರಿಗೂ ಗೊತ್ತಿರೋ ಕಥೆ. ಅಜ್ಜಿ ಕೂತಿದ್ದು ಮೊರಿತಾಕಿ ತೀರಿಕೊಂಡ ಮೇಲೆ, ಅದೂ ಹಿಂದಿನ ಸಾಲಲ್ಲಿ, ಕ್ಯಾಮೆರಾಗೆ ಕಾಣದ ಹಾಗೆ. ಚೀನಾದ್ದಕ್ಕೆ ಕೂತೆ, ಫ್ರಾನ್ಸಿಂದಕ್ಕೆ ಕೂತೆ ಅಂತ ಬೆರಳು ಮಡಿಸ್ತಾ ಬಂದವರು, "ನಿಮ್ಮದಕ್ಕೂ ಕೂತಿದ್ದೆ, ಆಮೇಲೆ ಅದೇ ತಿಂಗಳು ಪಾಕಿಸ್ತಾನದ್ದಕ್ಕೆ" ಅಂದ್ರು. ಬೇಜಾರಲ್ಲಿ ಹೇಳಿದ್ದಲ್ಲ, ಲೆಕ್ಕ ಕೊಟ್ಟ ಹಾಗೆ.

1998ರ ಮೇ, ಬೇಸಿಗೆ ರಜೆ, ನನಗೆ 12 ವರ್ಷ. ಪೋಖ್ರಾನ್ ಸುದ್ದಿ ಬಂದ ಸಂಜೆ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದಿದ್ರು, ಮೂಲೆ ಮನೆ ಅಂಕಲ್ ದೊಡ್ಡ ತಟ್ಟೆಯಲ್ಲಿ ಮೈಸೂರು ಪಾಕು ಹಿಡ್ಕೊಂಡು ಬಂದಿದ್ರು. ನಾನು ಕ್ರಿಕೆಟ್ ಬಿಟ್ಟು ಎರಡು ಸಲ ಹೋಗಿ ಇಸ್ಕೊಂಡಿದ್ದೆ, ಎರಡನೇ ಸಲ ತಂಗಿಗೆ ಅಂತ ಸುಳ್ಳು ಹೇಳಿ. ಇದನ್ನ ಭಾವನಿಗೆ ಕನ್ನಡದಲ್ಲಿ ಹೇಳಿದೆ, ಅಜ್ಜಿಗೆ ಹೇಳಬೇಡಿ ಅಂದೆ. ಭಾವ ಹೇಳೇ ಬಿಟ್ರು! ಅಜ್ಜಿ ನನ್ನ ಮುಖ ನೋಡಿದ್ರು, ಆಮೇಲೆ ಏನೋ ಕೇಳಿದ್ರು. ಭಾವ ಅಂದ್ರು, "ಯಾವ ಸಿಹಿ ಅಂತ ಕೇಳ್ತಿದಾರೆ ಕಣೋ."

ಕಡ್ಲೆಹಿಟ್ಟು, ತುಪ್ಪ, ಸಕ್ಕರೆ ಅಂತ ಹೇಳಿದ್ವಿ. ಒಂದು ಪುಟ್ಟ ನೋಟ್‌ಬುಕ್ ತೆಗೆದು ಅವರ ಲಿಪಿಯಲ್ಲಿ ಬರ್ಕೊಂಡ್ರು, ಮೈಸೂರ್ ಪಾಕು. ಹೋಟೆಲ್ ರೂಮಲ್ಲಿ ಒಂದು ಡಬ್ಬಿ ಇದೆ, ನಾಳೆ ತಂದುಕೊಡ್ತೀವಿ ಅಂದೆ. ನಾಳೆ ರಜೆ, ಮಗಳ ಮನೆಗೆ ಒಕಾಯಾಮಾಗೆ ಹೋಗ್ತೀನಿ, ಅಲ್ಲದೆ ಡಾಕ್ಟರು ಸಿಹಿ ಬೇಡ ಅಂದಿದಾರೆ ಅಂತ ನಕ್ಕು ಥರ್ಮಾಸ್ ಮುಚ್ಚಳ ಹಾಕಿದ್ರು. ಆವತ್ತೇ ಟ್ಯಾಕ್ಸಿ ಮಾಡಿ ಹೋಟೆಲಿಗೆ ಹೋಗಿ ತರಬಹುದಿತ್ತು. ಅದು ಹೊಳೆದಿದ್ದು ರಾತ್ರಿ ಮಲಗಿದಾಗ.

ಮೂರನೇ ದಿನ, ಶನಿವಾರ

ಜಪಾನಲ್ಲಿ ಅವತ್ತು ರಜಾದಿನ, ಅದರ ಮೇಲೆ ಮೇಪಲ್ ಕೆಂಪಾಗೋ ಸೀಸನ್ನು, ಅಂಥ ದಿನ ಮಿಯಾಜಿಮಾ ದ್ವೀಪಕ್ಕೆ ಯಾರಾದ್ರೂ ಹೋಗ್ತಾರಾ? ನಾವು ಹೋದ್ವಿ. ಹತ್ತು ನಿಮಿಷದ ಫೆರ್ರಿಗೆ ಕ್ಯೂ ಮಾತ್ರ ತಿರುಪತಿದು. ನೀರಲ್ಲಿ ನಿಂತಿರೋ ಆ ಕೆಂಪು ದ್ವಾರ ನಿಜವಾಗ್ಲೂ ಚಂದ, ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದಾರೆ. ಅಲ್ಲಿ ಜಿಂಕೆಗಳು ಬೀದಿನಾಯಿ ಥರ ಓಡಾಡ್ತಾವೆ. ನಾನು ಶೂ ಲೇಸ್ ಕಟ್ಟೋಕೆ ಬ್ಯಾಗ್ ಕೆಳಗಿಟ್ಟೆ, ಜಿಪ್ ಹಾಕಿರಲಿಲ್ಲ. ಒಂದು ಜಿಂಕೆ ಮೂತಿ ತೂರಿಸಿ ಡಬ್ಬಿ ಎಳೆದು ಮೊದಲು ರಟ್ಟು ತಿಂತು, ಆಮೇಲೆ ಮೈಸೂರು ಪಾಕು. ಓಡಿಸೋಕೆ ಹೋದ್ರೆ ಇನ್ನೂ ಎರಡು ಬಂದವು. ಸುತ್ತ ಇದ್ದ ಜನ ವಿಡಿಯೊ ಮಾಡ್ತಿದ್ರು. ಒಬ್ಬ ಕಾವಲುಗಾರ ಬಂದು ಪ್ರಾಣಿಗಳಿಗೆ ತಿನ್ನೋಕೆ ಕೊಡಬಾರದು ಅಂತ ನಮಗೇ ಬುದ್ಧಿ ಹೇಳಿದ, ಭಾವ ತಲೆ ಬಗ್ಗಿಸಿದ್ದೇ ಬಗ್ಗಿಸಿದ್ದು. ಬ್ಯಾಗಿಗೆ ಜಿಪ್ ಹಾಕಿ ಅಂತ ಇನ್ನು ನಾನು ಬೇರೆ ಹೇಳಬೇಕಾ.

ಮಧ್ಯಾಹ್ನ ನಾಗಸಾಕಿಗೆ ಹೊರಟ್ವಿ. ಹಕಾತಾವರೆಗೆ ಒಂದು ರೈಲು, ಅಲ್ಲಿಂದ ತಾಕೆಒ ಒನ್ಸೆನ್‌ವರೆಗೆ ಇನ್ನೊಂದು, ಅಲ್ಲಿ ಅದೇ ಪ್ಲಾಟ್‌ಫಾರ್ಮಿನ ಎದುರುಗಡೆ ಮತ್ತೊಂದು ಶಿಂಕಾನ್ಸೆನ್ ಕಾದಿರುತ್ತೆ, ಗಾಬರಿ ಬೀಳಬೇಡಿ. ಹಕಾತಾಗೆ ಮುಂಚೆ ರೈಲು ಕೊಕುರಾದಲ್ಲಿ ನಿಲ್ತು. ಜನ ಇಳಿದ್ರು, ಹತ್ತಿದ್ರು, ಒಬ್ಬ ಹುಡುಗ ಐಸ್‌ಕ್ರೀಂ ತಿಂತಾ ಪ್ಲಾಟ್‌ಫಾರ್ಮಲ್ಲಿ ನಿಂತಿದ್ದ. ಆಗಸ್ಟ್ 9ರ ಬಾಂಬು ಬೀಳಬೇಕಿದ್ದಿದ್ದು ಈ ಊರಿಗೆ. ಮೂರು ಸುತ್ತು ಹಾಕಿದ್ರೂ ಮೋಡ, ಹೊಗೆಯಲ್ಲಿ ಗುರಿ ಕಾಣದೆ ವಿಮಾನ ನಾಗಸಾಕಿಗೆ ತಿರುಗ್ತು. ನಾವು ಹೋದ ದಿನ ಕೊಕುರಾ ಮೇಲೆ ಒಂದು ತುಣುಕು ಮೋಡ ಇರಲಿಲ್ಲ. ಭಾವ ಕಿಟಕಿಗೆ ಹಣೆ ಒತ್ತಿ ನೋಡ್ತಾನೇ ಇದ್ರು.

ನಾಗಸಾಕಿ ಅಂದ್ರೆ ಬೆಟ್ಟ, ಬೆಟ್ಟದ ಮೈಮೇಲೆಲ್ಲಾ ಮನೆ, ರಾತ್ರಿ ದೀಪ ಹತ್ತಿದಾಗ ಚಾಮುಂಡಿ ಬೆಟ್ಟದಿಂದ ಮೈಸೂರು ನೋಡೋದನ್ನ ತಿರುಗಿಸಿಟ್ಟ ಹಾಗೆ, ನಾವು ಕೆಳಗೆ, ದೀಪ ಮೇಲೆ. ಊರಿನ ಫೇಮಸ್ ತಿಂಡಿ ಚಂಪೋನ್, ಅದರಲ್ಲಿ ಹಂದಿ, ಸೀಗಡಿ, ಇಕಾ ಎಲ್ಲಾ ಇರುತ್ತೆ. ಪಾಠ ಕಲಿತಿದ್ವಲ್ಲ, ನೇಪಾಳಿಗಳು ನಡೆಸೋ ಇಂಡಿಯನ್ ಹೋಟೆಲಿಗೆ ಹೋದ್ವಿ, ನಾನ್ ತಟ್ಟೆಗಿಂತ ದೊಡ್ಡದಿತ್ತು. ಪೊಖರಾ ಕಡೆಯ ಕುಕ್ ಬಂದು ಹಿಂದಿಯಲ್ಲಿ ಮಾತಾಡಿಸಿದ. ಪ್ರತಿ ಆಗಸ್ಟ್ 9ಕ್ಕೆ, ಬಾಂಬ್ ಬಿದ್ದ ಹೊತ್ತು 11.02ಕ್ಕೆ, ಸೈರನ್ ಆಗುತ್ತಂತೆ, ಇವನು ಬಂದ ಮೊದಲ ವರ್ಷ ಗೊತ್ತಿಲ್ಲದೆ ಭೂಕಂಪ ಅಂದುಕೊಂಡು ಗ್ಯಾಸ್ ಆಫ್ ಮಾಡಿ ರಸ್ತೆಗೆ ಓಡಿದ್ನಂತೆ, ನೋಡಿದ್ರೆ ರಸ್ತೆಯಲ್ಲಿ ಎಲ್ಲರೂ ಇದ್ದಲ್ಲೇ ತಲೆ ತಗ್ಗಿಸಿ ನಿಂತಿದ್ರು. "ನಾನೂ ನಿಂತೆ, ಕೈಯಲ್ಲಿ ಸೌಟು ಇತ್ತು" ಅಂದ.

ನಾಲ್ಕನೇ ದಿನ, ಭಾನುವಾರ

ಬೆಳಿಗ್ಗೆ ತುಂತುರು ಮಳೆ. ಹೋಟೆಲಿನಲ್ಲಿ ಛತ್ರಿ ಕೊಟ್ರು, ವಾಪಸ್ ಇಟ್ಟರಾಯ್ತು. ಟ್ರಾಮಲ್ಲಿ ಉರಾಕಾಮಿ ಕಡೆ ಹೋದ್ವಿ. ಬಾಂಬ್ ಬಿದ್ದಿದ್ದು ಊರ ಮಧ್ಯಕ್ಕಲ್ಲ, ಈ ಕಣಿವೆಗೆ. ಬೆಟ್ಟ ಅಡ್ಡ ಇದ್ದ ಕಡೆ ಸ್ವಲ್ಪ ಉಳೀತು, ಕಣಿವೆ ಪೂರ್ತಿ ಹೋಯ್ತು. ಇಲ್ಲಿದ್ದವರಲ್ಲಿ ಬಹಳ ಜನ ಕ್ಯಾಥೊಲಿಕರು, ಕ್ರೈಸ್ತ ಧರ್ಮಕ್ಕೆ ನಿಷೇಧ ಇದ್ದಾಗ ಇನ್ನೂರೈವತ್ತು ವರ್ಷ ಕದ್ದುಮುಚ್ಚಿ ಧರ್ಮ ಉಳಿಸಿಕೊಂಡು ಬಂದವರ ಮೊಮ್ಮಕ್ಕಳು. ಚರ್ಚಿನ ಸುಮಾರು 12,000 ಜನರಲ್ಲಿ 8,500ರಷ್ಟು ಜನ ಸತ್ರು.

ಸನ್ನೊ ಅನ್ನೋ ಚಿಕ್ಕ ದೇವಸ್ಥಾನಕ್ಕೆ ಹೋಗಲೇಬೇಕು, ಟೂರ್ ಬಸ್ಸುಗಳು ಅಲ್ಲಿಗೆ ಹೋಗಲ್ಲ. ಕಲ್ಲಿನ ದ್ವಾರದ ಒಂದು ಕಂಬ ಹಾರಿಹೋಗಿ ಇನ್ನೊಂದೇ ಕಂಬದ ಮೇಲೆ ಅರ್ಧ ದ್ವಾರ ನಿಂತಿದೆ, ಇವತ್ತಿಗೂ. ಅದರ ಕೆಳಗೇ ಮನೆಗಳು, ಬಟ್ಟೆ ಒಣಗಿಸಿರೋದು, ಸೈಕಲ್ಲು. ಮೆಟ್ಟಿಲು ಹತ್ತಿದ್ರೆ ಎರಡು ಕರ್ಪೂರದ ಮರಗಳು, ಎಂಟುನೂರು ಮೀಟರ್ ದೂರದಲ್ಲಿ ಬಾಂಬ್ ಸಿಡಿದು ಬೋಳಾಗಿ ಸುಟ್ಟಿದ್ದವು ಈಗ ಮಳೆ ಒಳಗೆ ಬೀಳದಷ್ಟು ದಟ್ಟ. ಅಲ್ಲೇ ಛತ್ರಿ ಮಡಿಸಿ ನಿಂತ್ವಿ. ಕಸ ಗುಡಿಸ್ತಿದ್ದ ಅಜ್ಜ ಒಬ್ಬರು ಬಿದ್ದ ಎಲೆ ಒಂದನ್ನ ಹಿಸುಕಿ ಮೂಸಿ ನೋಡಿ ಅಂತ ಕೊಟ್ರು. ದೇವರ ಮನೆ ವಾಸನೆ.

ಮ್ಯೂಸಿಯಮ್ಮಲ್ಲಿ 11.02ಕ್ಕೆ ನಿಂತ ಗಡಿಯಾರ ದಾಟಿ ಹೋದ್ರೆ ತನಿಗುಚಿ ಸುಮಿತೆರು ಅವರ ಫೋಟೋ. 16 ವರ್ಷದ ಪೋಸ್ಟ್ ಹುಡುಗ, ಸೈಕಲ್ಲಲ್ಲಿ ಕಾಗದ ಹಂಚ್ತಿದ್ದ, ಬಾಂಬ್ ಬಿದ್ದ ಜಾಗದಿಂದ 1.8 ಕಿಲೋಮೀಟರ್. ಬೆನ್ನು ಪೂರ್ತಿ ಸುಟ್ಟು ಒಂದು ವರ್ಷ ಒಂಬತ್ತು ತಿಂಗಳು ಹೊಟ್ಟೆ ಮೇಲೇ ಮಲಗಿದ್ರು. ಅಮೆರಿಕದವರು 1946ರಲ್ಲಿ ತೆಗೆದ ಆ ಕಲರ್ ಚಿತ್ರ ಜಪಾನಿಗೆ ಬಂದಿದ್ದು 1970ರಲ್ಲಿ. ಅದನ್ನ ನೋಡಿದ ಮೇಲೆ ಇವರು ಇನ್ನೂ ಹೆಚ್ಚು ಮಾತಾಡೋಕೆ ಶುರು ಮಾಡಿದವರು, 2010ರಲ್ಲಿ ನ್ಯೂಯಾರ್ಕಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ ಅದೇ ಫೋಟೋ ಕೈಯಲ್ಲಿ ಎತ್ತಿ ಹಿಡಿದು, ನಾನು ಪ್ರದರ್ಶನದ ವಸ್ತು ಅಲ್ಲ, ಆದ್ರೆ ದಯವಿಟ್ಟು ಮುಖ ತಿರುಗಿಸಬೇಡಿ, ಇನ್ನೊಂದು ಸಲ ನೋಡಿ ಅಂದ್ರು. 2017ರ ಆಗಸ್ಟಲ್ಲಿ ತೀರಿಕೊಂಡ್ರು, ಅಣ್ವಸ್ತ್ರ ನಿಷೇಧ ಒಪ್ಪಂದ ವಿಶ್ವಸಂಸ್ಥೆಯಲ್ಲಿ ಪಾಸಾದ ಮುಂದಿನ ತಿಂಗಳೇ. ಆ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿಲ್ಲ. ನಾವೂ ಹಾಕಿಲ್ಲ. ನಾನು ಆ ಫೋಟೋ ಮುಂದೆ ಮೊದಲನೇ ಸಲ ಮುಖ ತಿರುಗಿಸಿದೆ, ಹೇಳಿಬಿಡ್ತೀನಿ, ವಾಪಸ್ ಬಂದು ಮತ್ತೆ ನೋಡಿದೆ.

ಪೀಸ್ ಪಾರ್ಕಿನ ಕಾರಂಜಿ ಮುಂದೆ ಒಂದು ಕಲ್ಲಿದೆ. ಒಂಬತ್ತು ವರ್ಷದ ಹುಡುಗಿಯ ಮಾತು ಅದರ ಮೇಲೆ, ಬಾಯಾರಿಕೆ ತಡೆಯೋಕಾಗಲಿಲ್ಲ, ನೀರ ಮೇಲೆ ಎಣ್ಣೆ ಥರದ್ದು ತೇಲ್ತಿತ್ತು, ಆದ್ರೂ ಕುಡಿದೆ ಅಂತ. ಇಲ್ಲಿ ಎಲ್ಲಾ ಸ್ಮಾರಕದ ಮುಂದೆ ಹೂವಿನ ಜೊತೆ ನೀರಿನ ಬಾಟಲಿ ಯಾಕೆ ಇಡ್ತಾರೆ ಅಂತ ಹಿರೋಶಿಮಾ ಅಜ್ಜಿ ಸಿಗದೆ ಇದ್ದಿದ್ರೆ ನನಗೆ ತಿಳೀತಿರಲಿಲ್ಲ. ಭಾವ ಮೆಷಿನ್‌ನಲ್ಲಿ ಒಂದು ಬಾಟಲಿ ತಗೊಂಡು ಮುಚ್ಚಳ ತೆಗೆದು ಇಟ್ಟು ಬಂದ್ರು.

ಮಧ್ಯಾಹ್ನ ಸ್ಟೇಷನ್ ಹತ್ರ ಹೈಸ್ಕೂಲ್ ಮಕ್ಕಳು ಸಹಿ ಸಂಗ್ರಹ ಮಾಡ್ತಿದ್ರು, ಯೂನಿಫಾರ್ಮ್ ಮೇಲೆ ರೇನ್‌ಕೋಟು. 2001ರಲ್ಲಿ ಇಲ್ಲೇ ಶುರುವಾಗಿದ್ದು, ಸಹಿಗಳನ್ನ ಜಿನೀವಾದ ವಿಶ್ವಸಂಸ್ಥೆ ಕಚೇರಿಗೆ ಮಕ್ಕಳೇ ತಲುಪಿಸ್ತಾರೆ. ನಮ್ಮ ಶಕ್ತಿ ಕಮ್ಮಿ, ಆದ್ರೆ ಇಲ್ಲವೇ ಇಲ್ಲ ಅಂತಲ್ಲ, ಅನ್ನೋದು ಇವರ ಘೋಷಣೆ. 2024ರ ಮಾರ್ಚಿನ ಲೆಕ್ಕಕ್ಕೆ ಹಿಬಾಕುಶಾಗಳು 1,06,825 ಜನ ಉಳಿದಿದ್ರು, ಸರಾಸರಿ ವಯಸ್ಸು 85 ದಾಟಿತ್ತು, ಇನ್ನು ಹೇಳೋಕೆ ಯಾರಿರ್ತಾರೆ ಅನ್ನೋದು ಈ ಮಕ್ಕಳಿಗೇ ಜಾಸ್ತಿ ಅರ್ಥ ಆಗಿರಬೇಕು. ಒಬ್ಬಳು ಹುಡುಗಿ ಪ್ಯಾಡ್ ಚಾಚಿದ್ಲು. ಹೆಸರು ಕನ್ನಡದಲ್ಲಿ ಬರೆದೆ, ಅವಳು ಗೆಳತಿಯರನ್ನೆಲ್ಲಾ ಕರೆದು ತೋರಿಸಿದ್ಲು, ಎಷ್ಟು ದುಂಡಗಿದೆ ಅಂತ. ವಿಳಾಸದ ಜಾಗಕ್ಕೆ ಬಂದಾಗ ಪೆನ್ನು ನಿಂತ್ಕೊಳ್ತು. ನಮ್ಮ ಇಲವಾಲದ ಕಡೆ ರತ್ನಹಳ್ಳಿ ಹತ್ರ ದೊಡ್ಡ ಕಾಂಪೌಂಡ್ ಇದೆ, ಭಾಭಾ ಅಣು ಸಂಶೋಧನಾ ಸಂಸ್ಥೆಯವರದ್ದು, ಯುರೇನಿಯಂ ಎನ್‌ರಿಚ್ ಮಾಡೋ ಜಾಗ. ಸಬ್‌ಮರೀನಿಗೆ ಅಂತಾರೆ. ಚಿಕ್ಕಂದಿಂದ ಕೆಆರ್‌ಎಸ್‌ಗೆ ಹೋಗ್ತಾ ಬರ್ತಾ ಇದ್ದವನಿಗೆ ಆ ಬೇಲಿ ಯಾವತ್ತೂ ಕಣ್ಣಿಗೆ ಬಿದ್ದೇ ಇರಲಿಲ್ಲ ಅನ್ನೋ ಹಾಗೆ ಬೆಳೆದುಬಿಟ್ಟಿದೀನಿ. "ಬರಿಯೋ, ಮಳೆ ಬೀಳ್ತಿದೆ, ಶಾಯಿ ಹರಡುತ್ತೆ" ಅಂದ್ರು ಭಾವ. ಮೈಸೂರು ಅಂತ ಬರೆದೆ.

ಐದನೇ ದಿನ, ಮತ್ತೆ ಮನೆ

ವಾಪಸ್ ದಾರಿಯಲ್ಲಿ ಹೇಳೋಂಥದ್ದು ಏನಿಲ್ಲ, ನಾಗಸಾಕಿಯ ಕಾಸ್ಟೆಲ್ಲಾ ಕೇಕ್ ತಗೊಂಡ್ವಿ, ಅಕ್ಕ ಮೈಸೂರು ಪಾಕು ಡಬ್ಬಿ ಎಲ್ಲಿ ಅಂತ ಮೊದಲು ಕೇಳಿದ್ಲು, ಜಿಂಕೆ ಕಥೆ ನಂಬಲಿಲ್ಲ. ಪುಣ್ಯಕ್ಕೆ ಯಾರದ್ದೋ ವಿಡಿಯೊ ಇಂಟರ್ನೆಟ್ಟಲ್ಲಿ ಸಿಗಲಿಲ್ಲ.

ಡಿಸೆಂಬರ್ 10ಕ್ಕೆ ನಾನು ಮೈಸೂರಲ್ಲಿದ್ದೆ. ಸಂಜೆ ಐದೂವರೆಗೆ ಓಸ್ಲೋದಿಂದ ಲೈವ್. ಹಿದಾಂಕ್ಯೋ ಪರವಾಗಿ ಮಾತಾಡಿದ್ದು ತನಾಕಾ ತೆರುಮಿ, 92 ವರ್ಷ, ನಾಗಸಾಕಿಯವರು, ಅವತ್ತು 13ರ ಹುಡುಗ, ಮನೆಯವರಲ್ಲಿ ಐದು ಜನ ಹೋದ್ರು. ಅಮ್ಮ ಅವರೆಕಾಯಿ ಸುಲೀತಾ ಪಕ್ಕದಲ್ಲಿ ಕೂತ್ರು, ನಾನು ಸಬ್‌ಟೈಟಲ್ ನೋಡಿ ಅಷ್ಟಿಷ್ಟು ಹೇಳ್ತಿದ್ದೆ. ಜಗತ್ತಲ್ಲಿ ಇನ್ನೂ 12,000 ಅಣುಬಾಂಬ್ ಇವೆ, 4,000 ಈ ಕ್ಷಣಕ್ಕೆ ಹಾರಿಸೋಕೆ ರೆಡಿ ಇವೆ ಅಂದ್ರು. ಸತ್ತವರಿಗೆ ಜಪಾನ್ ಸರ್ಕಾರ ಇವತ್ತಿನವರೆಗೂ ಪರಿಹಾರ ಕೊಟ್ಟಿಲ್ಲ ಅಂತ ಹೇಳಿ, ಬರೆದುಕೊಂಡು ಬಂದಿದ್ದನ್ನ ಬಿಟ್ಟು ಅದನ್ನೇ ಇನ್ನೊಂದು ಸಲ ಹೇಳಿದ್ರು. ಅಮ್ಮ ಸಿಪ್ಪೆ ಕೈಯಲ್ಲೇ ಹಿಡ್ಕೊಂಡು ನೋಡ್ತಿದ್ರು.

"ಎಷ್ಟೊತ್ತಿಂದ ಮಾತಾಡ್ತಿದಾರೆ ಪಾಪ" ಅಂದ್ರು ಅಮ್ಮ, "ಯಾರಾದ್ರೂ ಒಂದು ಲೋಟ ನೀರು ಕೊಡಬಾರದಾ."